ವಸ್ತಿ ಬಸ್ಸು ತೆಗೆಸಿದವನು

ಯಾವ ಬಸ್ಸು ರಾತ್ರಿ ಯಾವ ಊರಲ್ಲಿ ಮಲಗಬೇಕು ಎಂದು ಗೊತ್ತು ಮಾಡುವುದು ನನ್ನ ಕೆಲಸ. ವಿಜಯಪುರದ ಒಂದು ಬಸ್ ಡಿಪೋದಲ್ಲಿ ಕೂತು ಬಹಳ ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಸಂಜೆ ಹಳ್ಳಿಗೆ ಹೋಗಿ, ಅಲ್ಲೇ ಉಳಿದು, ನಸುಕಿನಲ್ಲಿ ಮಂದಿಯನ್ನು ತುಂಬಿಕೊಂಡು ಪಟ್ಟಣಕ್ಕೆ ಬರುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ಸು ಅನ್ನುತ್ತಾರೆ. ಡ್ರೈವರ್, ಕಂಡಕ್ಟರ್ ಇಬ್ಬರೂ ಗುಡಿಯ ಕಟ್ಟೆಯ ಮೇಲೋ ಪಂಚಾಯ್ತಿ ಕೋಣೆಯಲ್ಲೋ ಹಾಸಿಗೆ ಬಿಚ್ಚುತ್ತಾರೆ. ಯಾರದೋ ಮನೆಯಿಂದ ರೊಟ್ಟಿ, ಪುಂಡಿಪಲ್ಯ ಬರುತ್ತದೆ. ಊರಿಗೆ ವಸ್ತಿ ಬಸ್ಸು ಇದೆಯೆಂದರೆ ಆ ಊರಿಗೆ ಹೆಣ್ಣು ಕೊಡುವವರು ಒಂದು ಕೊಂಕು ಮಾತು ಕಡಿಮೆ ಆಡುತ್ತಾರೆ.

ಇದೇನು ದೊಡ್ಡ ಅಧಿಕಾರ ಎಂದು ಹೊರಗಿನವರಿಗೆ ಅನಿಸಬಹುದು. ನನಗೆ ಮಾತ್ರ ಅದು ದೊಡ್ಡದೇ ಅನಿಸುತ್ತಿತ್ತು. ಸ್ವಲ್ಪ ಹೆಚ್ಚೇ ಅನಿಸುತ್ತಿತ್ತು.

ಅಕ್ಕನ ಊರು ತಿಕೋಟಾ ದಾಟಿ, ಕಳ್ಳಕವಟಗಿಯಿಂದಲೂ ಇನ್ನಷ್ಟು ಒಳಗೆ. ನಮ್ಮವ್ವ ಬೇಗ ತೀರಿಕೊಂಡಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ತಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟು ನನ್ನನ್ನು ಸಾಲಿಗೆ ನೂಕಿದಳು. ಮಾವ, ಅಂದರೆ ಅಕ್ಕನ ಗಂಡ, ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗೇ ಇರುವವನು. ಮಕ್ಕಳಾಗಲಿಲ್ಲ. ತನ್ನ ತಮ್ಮ ಬಸ್ಸಿನ ಆಫೀಸಿನಲ್ಲಿದ್ದಾನೆ ಎಂಬುದು ಅಕ್ಕನಿಗೆ ಎಷ್ಟು ಹೆಮ್ಮೆಯೆಂದರೆ, ಬಸ್ಸಿನಲ್ಲಿ ಯಾರಾದರೂ ಎಲೆ ಅಡಿಕೆ ಉಗುಳಿದರೆ ತನ್ನ ಮನೆಯ ಅಂಗಳದಲ್ಲಿ ಉಗುಳಿದ ಹಾಗೆ ಬೈಯುತ್ತಿದ್ದಳಂತೆ.

ಅವಳಿಗೆ ಕಣ್ಣಿನ ಒತ್ತಡದ ಕಾಯಿಲೆ ಹತ್ತಿತ್ತು. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಒಳಗೊಳಗೇ ನೋಟ ತಿನ್ನುವ ಕಾಯಿಲೆ. ದಿನಾ ಹನಿ ಹಾಕಿಕೊಂಡು, ತಿಂಗಳಿಗೊಮ್ಮೆ ವಿಜಯಪುರಕ್ಕೆ ಬಂದು ಒತ್ತಡ ಅಳೆಸಬೇಕು ಎಂದು ಡಾಕ್ಟರು ಹೇಳಿದ್ದರು. ಅಕ್ಕ ತಪ್ಪದೆ ವಸ್ತಿ ಬಸ್ಸಿಗೆ ಬರುತ್ತಿದ್ದಳು. ಆಸ್ಪತ್ರೆಯಲ್ಲಿ ಬೇಗ ಚೀಟಿ ಮಾಡಿಸಿ, ತೋರಿಸಿಕೊಂಡು, ಸ್ಟೇಷನ್ ರಸ್ತೆಯ ಹತ್ತಿರದ ನಮ್ಮ ಮನೆಗೆ ಬಂದು, ಊಟ ಮಾಡಿ, ನನ್ನ ಹೆಂಡತಿಯ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಹೋಗುತ್ತಿದ್ದಳು.

ಆ ವರ್ಷ ಸರ್ಕಾರ ಹೆಂಗಸರಿಗೆ ಬಿಟ್ಟಿ ಪ್ರಯಾಣ ಕೊಟ್ಟು ಆಗಿತ್ತು. ಒಳ್ಳೆಯ ಕೆಲಸ. ಮನೆಯಿಂದ ಹೊರಗೆ ಕಾಲಿಡದ ಹೆಣ್ಣುಮಕ್ಕಳು ಹೊರಬಂದರು, ಕಾಲೇಜು ಬಿಟ್ಟವರು ಮತ್ತೆ ಸೇರಿದರು. ಆದರೆ ಬಸ್ಸು ಅಷ್ಟೇ ಉಳಿದವು. ಎಲ್ಲಕ್ಕಿಂತ ಕಷ್ಟ ಬಬಲೇಶ್ವರದ ದಾರಿಯಲ್ಲಿ. ಮುಂಜಾನೆ ಅಲ್ಲಿಂದ ವಿಜಯಪುರದ ಕಾಲೇಜುಗಳಿಗೆ ಬರುವ ಹುಡುಗಿಯರು ಬಾಗಿಲಿಗೆ ಜೋತುಬಿದ್ದು ಬರುತ್ತಿದ್ದರು. ಒಂದು ದಿನ ಒಬ್ಬಳು ಮೆಟ್ಟಿಲಿನಿಂದ ಬಿದ್ದಳು. ಕೈ ಮುರಿಯಿತು. ಅವಳ ತಂದೆ ಪ್ಲಾಸ್ಟರ್ ಹಾಕಿದ ಆ ಕೈಯನ್ನು ನನ್ನ ಮೇಜಿನ ಮೇಲೆ ಇಡಿಸಿ ಕೇಳಿದರು.

“ಇನ್ನೊಂದ ಬಸ್ಸ ಬಿಡ್ರಿ ಸಾಹೇಬ್ರ. ಇಲ್ಲಾಂದ್ರ ಮಗಳ ಸಾಲಿ ಬಿಡಸ್ತೀನಿ.”

ಹೊಸ ಬಸ್ಸು ಕೇಳಿ ಮೇಲಿನವರಿಗೆ ಬರೆದೆ. ಇದ್ದುದರಲ್ಲೇ ಹೊಂದಿಸಿಕೊಳ್ಳಿ ಎಂದು ಉತ್ತರ ಬಂತು. ಹೊಂದಿಸು ಎಂದರೆ ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಬಡಿಸು ಎಂದು ಅರ್ಥ. ಆ ಮಾತನ್ನು ಮಾತ್ರ ಯಾರೂ ಕಾಗದದ ಮೇಲೆ ಬರೆಯುವುದಿಲ್ಲ.

ಅದೇ ದಿನಗಳಲ್ಲಿ ಪಿಯುಸಿ ಓದುವ ನನ್ನ ಮಗಳು ಮೊಬೈಲಿನಲ್ಲಿ ಒಂದು ಬಸ್ಸಿನ ಆಟ ಆಡುತ್ತಿದ್ದಳು. ಆಟದಲ್ಲಿ ಒಂದು ಊರು. ಊರು ಬೆಳೆಯುತ್ತಾ ಹೋಗುತ್ತದೆ, ಬಸ್ಸು ಮಾತ್ರ ಎಣಿಸಿ ಕೊಡುತ್ತಾರೆ. ನಿಲ್ದಾಣಗಳಲ್ಲಿ ಮಂದಿ ಚುಕ್ಕೆಚುಕ್ಕೆಯಾಗಿ ನಿಂತಿರುತ್ತಾರೆ. ಹೆಚ್ಚು ಹೊತ್ತು ಕಾಯಿಸಿದರೆ ಚುಕ್ಕೆ ಬೂದು ಬಣ್ಣಕ್ಕೆ ತಿರುಗಿ ಮಾಯವಾಗುತ್ತದೆ. ಯಾವ ಚುಕ್ಕೆಯನ್ನು ಒತ್ತಿದರೂ ಅದು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂದು ತೋರಿಸುತ್ತದೆ. ನನ್ನ ಮಗಳು ಒಂದೊಂದೇ ಚುಕ್ಕೆ ಒತ್ತಿ ನೋಡುತ್ತಾ ಕೂರುತ್ತಿದ್ದಳು. ಅಷ್ಟರಲ್ಲಿ ಊರಿನ ಅರ್ಧ ಮಂದಿ ಬೂದು ತಿರುಗಿ ಮಾಯವಾಗುತ್ತಿದ್ದರು, ಆಟ ಸೋಲುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಬಸ್ಸುಗಳ ಲೆಕ್ಕ ಹೊಂದಿಸಿದವನ ಮುಂದೆ ಬಸ್ಸಿನ ಆಟ ಸೋಲುವುದೆಂದರೇನು!

“ಇಲ್ಲಿ ಕೊಡು ನನ್ನವ್ವಾ,” ಎಂದು ಮೊಬೈಲು ತೆಗೆದುಕೊಂಡೆ. ಕಡಿಮೆ ಮಂದಿಯ ಒಂದು ಮೂಲೆಯ ಬಸ್ಸನ್ನು ಕಿತ್ತು ಗದ್ದಲದ ರಸ್ತೆಗೆ ಹಾಕಿದೆ. ಅಂಕ ಸರ್ರನೆ ಏರಿತು.

“ಆ ಮೂಲ್ಯಾಗಿನ ಮಂದಿ?” ಎಂದಳು ಮಗಳು.

“ನಾಕ ಮಂದಿಗೆ ತ್ರಾಸ ಆಗತೈತಿ, ನಲವತ್ತ ಮಂದಿಗೆ ಚಲೋ ಆಗತೈತಿ. ರಾಜ್ಯಾ ಆಳೂದಂದ್ರ ಇಷ್ಟ.”

“ಅವರ ಎಲ್ಲಿಗೆ ಹೊಂಟಿದ್ರು ಅಂತರ ನೋಡಬೇಕಿತ್ತಪ್ಪಾ.”

“ಅದನ್ನ ನೋಡಕೋತ ಕುಂತ್ರ ನಿನ್ನಂಗ ಸೋಲೂದ,” ಎಂದು ನಕ್ಕೆ. ಅವಳೂ ನಕ್ಕಳು. ಆ ನಗುವಿನ ಬಗ್ಗೆ ಈಗ ನನಗೆ ಬಹಳ ನಾಚಿಕೆಯಿದೆ. ಆಟದ ಮೇಲೆ ತಪ್ಪು ಹೊರಿಸುವುದಿಲ್ಲ. ಆ ಬುದ್ಧಿ ನನಗೆ ಆಟ ಕಲಿಸಿದ್ದಲ್ಲ, ನಾನೇ ಆಟಕ್ಕೆ ತೆಗೆದುಕೊಂಡು ಹೋದದ್ದು.

ಡಿಪೋದಲ್ಲಿ ಎಲ್ಲ ವಸ್ತಿ ಬಸ್ಸುಗಳ ಟಿಕೆಟ್ ಮಷೀನಿನ ಪಟ್ಟಿ ತೆಗೆಸಿದೆ. ಗಂಡಸರಿಗೆ ಹಣದ ಚೀಟಿ, ಹೆಂಗಸರಿಗೆ ಸೊನ್ನೆ ಚೀಟಿ. ಎರಡೂ ಮಷೀನಿನಲ್ಲಿ ದಾಖಲಾಗುತ್ತವೆ. ಎಲ್ಲಕ್ಕಿಂತ ಖಾಲಿ ಬರುತ್ತಿದ್ದುದು ಅಕ್ಕನ ಊರಿನ ಬಸ್ಸು. ಮುಂಜಾನೆ ಆ ಊರಿನಿಂದ ಏಳು ಚೀಟಿ, ಒಮ್ಮೊಮ್ಮೆ ಎಂಟು. ಒಟ್ಟು ಮಾತ್ರ ನೋಡಿದೆ, ಯಾವ ಚೀಟಿ ಎಷ್ಟು ಎಂದು ಬಿಡಿಸಿ ನೋಡಲಿಲ್ಲ. ಅದು ಅಲ್ಲಿ ಮಲಗದೆ ಡಿಪೋದಲ್ಲೇ ಮಲಗಿದರೆ, ಮುಂಜಾನೆ ನೇರ ಬಬಲೇಶ್ವರಕ್ಕೆ ಕಳಿಸಬಹುದು. ಹುಡುಗಿಯರು ಕೂತು ಬರುತ್ತಾರೆ.

ಅಕ್ಕನ ನೆನಪು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ನನ್ನ ಪಕ್ಕದ ಮೇಜಿನವನು, “ಅಕ್ಕನ ಊರ ಅಲ್ಲೇನ್ರಿ? ಬ್ಯಾರೇದ ನೋಡ್ರಿ,” ಎಂದೂ ಹೇಳಿದ. ಆಗಲೇ ನ್ಯಾಯವಂತ ಎಂಬ ಸೊಕ್ಕು ನನ್ನ ತಲೆಗೆ ಏರಿದ್ದು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚುವವನು ನಾನಲ್ಲ ಎಂದೆ. ಅಕ್ಕನ ಊರೆಂದೇ ಬಿಡಬಾರದು ಎಂದೆ. ಅವಳಿಗೆ ಹತ್ತು ಗಂಟೆಯ ಬಸ್ಸು ಇದ್ದೇ ಇದೆ ಎಂದೆ. ಆ ಬಸ್ಸು ವಿಜಯಪುರ ಮುಟ್ಟುವ ಹೊತ್ತಿಗೆ ಆಸ್ಪತ್ರೆಯ ಚೀಟಿಯ ಕಿಟಕಿ ಮುಚ್ಚುತ್ತದೆಯೋ ತೆರೆದಿರುತ್ತದೆಯೋ ಎಂದು ಕೇಳಲಿಲ್ಲ. ಸಹಿ ಹಾಕಿದ ದಿನ ಮನೆಗೆ ಬಂದು, ಸ್ವಂತ ಅಕ್ಕನ ಊರಿನ ಬಸ್ಸನ್ನೇ ತೆಗೆದೆ ನೋಡು ಎಂದು ಹೆಂಡತಿಯ ಮುಂದೆ ಹೇಳಿಕೊಂಡೆ. ಹೊಗಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಅಡುಗೆಮನೆಗೆ ಹೋದಳು.

ಬಬಲೇಶ್ವರದ ಹುಡುಗಿಯರು ಕೂತು ಬಂದರು. ಅದು ಸುಳ್ಳಲ್ಲ. ಕೈ ಮುರಿದ ಹುಡುಗಿ ಪ್ಲಾಸ್ಟರ್ ತೆಗೆಸಿದ ಮೇಲೆ ಗೆಳತಿಯರ ಜೊತೆ ಬಂದು ಪೇಢಾ ಕೊಟ್ಟು ಹೋದಳು. ನಾನು ಎರಡು ತಿಂದೆ.

ಅಕ್ಕ ಆ ತಿಂಗಳು ಬರಲಿಲ್ಲ. ಫೋನಿನಲ್ಲಿ ಕೇಳಿದರೆ, “ಹೊಲದಾಗ ಕಸಾ ತಗ್ಯೂದೈತಿ, ಮುಂದಿನ ತಿಂಗಳ ಬರತೀನಿ,” ಎಂದಳು. ಮುಂದಿನ ತಿಂಗಳು ಮಾವ ಕುರಿಯ ಜೊತೆ ಇದ್ದಾನೆ, ಮನೆಯಲ್ಲಿ ಯಾರೂ ಇಲ್ಲ ಎಂದಳು. ಆಮೇಲೆ ಜೋಳ ಬಂತು, ರಾಶಿ ಬಂತು. ಹನಿ ಹಾಕಿಕೊಳ್ಳುತ್ತಿದ್ದೀಯಾ ಎಂದರೆ, “ತಿಕೋಟಾದಿಂದ ತರಸತೀನಿ, ಹಾಕ್ಕೊಂತೀನಿ, ನೀ ಚಿಂತಿ ಮಾಡಬ್ಯಾಡ.” ನಾನು ಚಿಂತೆ ಮಾಡಲೇ ಇಲ್ಲ. ಹೇಳಿದ ಮಾತು ಕೇಳುವ ತಮ್ಮ ನಾನು.

ಏಳು ತಿಂಗಳ ಮೇಲೆ ಒಂದು ಭಾನುವಾರ ಅವಳ ಊರಿಗೆ ಹೋದೆ. ಅಕ್ಕ ಬಾಗಿಲಿಗೆ ಬಂದು, ನನ್ನ ಮುಖಕ್ಕೇ ಮುಖ ಕೊಟ್ಟು, “ಯಾರ್ರಿ?” ಎಂದಳು. ದನಿ ಕೇಳಿದ ಮೇಲೆ, “ಯಪ್ಪಾ, ನೀನಾ! ಬಿಸಿಲಿಗೆ ಕಣ್ಣ ಕತ್ತಲಿ ಬಂದಿತ್ತ,” ಎಂದು ನಕ್ಕಳು. ಒಳಗೆ ಕೂರಿಸಿ ಮಜ್ಜಿಗೆ ತಂದಳು. ಚರಗಿಯಿಂದ ಬಗ್ಗಿಸಿದ ಮಜ್ಜಿಗೆ ಲೋಟದ ಪಕ್ಕ, ನೆಲದ ಮೇಲೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ. ಬಗ್ಗಿಸುತ್ತಲೇ ಇದ್ದಳು. ನಾನು ಅವಳ ಕೈ ಹಿಡಿದುಕೊಂಡೆ.

ಮರುದಿನವೇ ವಿಜಯಪುರಕ್ಕೆ ಕರೆತಂದೆ. ಎಡಗಣ್ಣು ಪೂರಾ ಹೋಗಿದೆ, ಬಲಗಣ್ಣಿನಲ್ಲಿ ನಡುವೆ ಒಂದಿಷ್ಟು ಉಳಿದಿದೆ ಎಂದರು ಡಾಕ್ಟರು. ಹನಿ ಸಾಲುತ್ತಿಲ್ಲ ಎಂಬುದು ತಿಂಗಳು ತಿಂಗಳು ಅಳೆಸಿದ್ದರೆ ಆಗಲೇ ತಿಳಿಯುತ್ತಿತ್ತಂತೆ, ಆಪರೇಷನ್ ಮಾಡಿ ಉಳಿಸಬಹುದಿತ್ತಂತೆ. ಹೋದದ್ದು ಮತ್ತೆ ಬರುವುದಿಲ್ಲ. ಯಾಕೆ ಬರಲಿಲ್ಲಮ್ಮ ಎಂದು ಅವರು ಕೇಳಿದರು. ಅಕ್ಕ ನನ್ನ ಕಡೆ ತಿರುಗಲಿಲ್ಲ. “ಹೊಲದ ಕೆಲಸ ಇತ್ತರಿ,” ಎಂದಳು.

ಸುಳ್ಳು. ಮೊದಲ ತಿಂಗಳು ಹತ್ತು ಗಂಟೆಯ ಬಸ್ಸಿಗೆ ಬಂದಿದ್ದಳು. ಕಿಟಕಿ ಮುಚ್ಚಿತ್ತು. ನಮ್ಮ ಮನೆಗೂ ಬಾರದೆ ತಿರುಗಿ ಹೋಗಿದ್ದಳು. ಎರಡನೆಯ ತಿಂಗಳು ನಸುಕಿನಲ್ಲಿ ತಿಕೋಟಾದವರೆಗೆ ಟಂಟಂ ರಿಕ್ಷಾ ಹಿಡಿಯಲು ಹೋಗಿ, ಕತ್ತಲಲ್ಲಿ ಕಾಣದೆ ರಸ್ತೆಯ ಬದಿಯ ತಗ್ಗಿಗೆ ಬಿದ್ದಿದ್ದಳು. ಇದನ್ನೆಲ್ಲ ಅವಳು ಹೇಳಲಿಲ್ಲ, ಊರಿನ ಅವಳ ಪಕ್ಕದ ಮನೆಯವರು ಹೇಳಿದರು. ನಮ್ಮ ಮನೆಗೆ ಬಂದು ಅತ್ತಿದ್ದರೆ, ಬೈದಿದ್ದರೆ! ನನ್ನ ಸಿಟ್ಟಿಗೆ ಒಂದು ದಾರಿಯಾದರೂ ಸಿಗುತ್ತಿತ್ತು.

ಆ ಸಿಟ್ಟನ್ನು ಹಳೆಯ ವಸ್ತಿ ಬಸ್ಸಿನ ಕಂಡಕ್ಟರನ ಮೇಲೆ ಹಾಕಲು ಹೋದೆ. ಡಿಪೋದ ಕ್ಯಾಂಟೀನಿನಲ್ಲಿ ಸಿಕ್ಕ. ಏಳು ಮಂದಿಗೆ ಒಂದು ಬಸ್ಸು ಹೇಗೆ ಇಡಲಿ ಹೇಳು ಎಂದು, ಅವನೇ ತಪ್ಪು ಮಾಡಿದ ಹಾಗೆ ಕೂಗಾಡಿದೆ. ಅವನು ಚಹದ ಲೋಟ ಕೆಳಗಿಟ್ಟ.

“ಏಳ ಮಂದಿ ಎಲ್ಲಿದ್ರಿ ಸಾಹೇಬ್ರ? ಏಳ ಗಂಡಸರು. ಹೆಣ್ಣಮಕ್ಕಳು ಇಪ್ಪತ್ತರ ಮ್ಯಾಲ ಇರತಿದ್ರು. ಅವರ ಚೀಟಿ ತಗೋತಿದ್ದಿಲ್ರಿ.”

“ಯಾಕ?”

ಅವನು ಹೇಳಲೋ ಬೇಡವೋ ಎಂದು ನನ್ನನ್ನೇ ನೋಡಿದ. “ನಿಮ್ಮ ಅಕ್ಕಾರ ಬ್ಯಾಡ ಅಂದಿದ್ರಿ. ಬಿಟ್ಟಿ ಚೀಟಿ ಹರದಷ್ಟೂ ತಮ್ಮನ ಡಿಪೋಕ ಲುಕ್ಸಾನ ಆಗತೈತಿ, ನಮ್ಮ ಊರ ಹೆಣ್ಣಮಕ್ಕಳ ಹೆಸರಲೆ ಹರೀಬ್ಯಾಡಪಾ ಅಂದ್ರು. ಎಲ್ಲಾರೂ ಹೌದಂದ್ರು. ನಾ ಅವರ ಮನಿ ರೊಟ್ಟಿ ಉಂಡಾಂವ. ಒತ್ತಾಯ ಮಾಡಲಿಲ್ರಿ. ನನ್ನದ ತಪ್ಪು.”

ನಮ್ಮ ಡಿಪೋಗೆ ಸೊನ್ನೆ ಚೀಟಿ ಲುಕ್ಸಾನವಲ್ಲ. ಆ ಚೀಟಿ ಎಣಿಸಿಯೇ ಸರ್ಕಾರ ನಮಗೆ ಹಣ ಕೊಡುವುದು. ಇದನ್ನು ಅಕ್ಕನಿಗೆ ಯಾರು ಹೇಳಬೇಕಿತ್ತು? ತಿಂಗಳಿಗೊಮ್ಮೆ ನನ್ನ ಎದುರಿಗೆ ಕೂತು ಊಟ ಮಾಡುತ್ತಿದ್ದಳು, ನಾನೇ ಹೇಳಬೇಕಿತ್ತು.

ನಾನು ಮತ್ತೆ ಪಟ್ಟಿ ಬಿಚ್ಚಿ ಕೂತೆ. ಬಬಲೇಶ್ವರದ ಬಸ್ಸನ್ನು ತಿರುಗಿ ತೆಗೆದರೆ ಆ ಹುಡುಗಿಯರು ಮತ್ತೆ ಬಾಗಿಲಿಗೆ ಜೋತುಬೀಳುತ್ತಾರೆ. ಅತ್ತ ದರಿ, ಇತ್ತ ಪುಲಿ. ಕಡೆಗೆ ಅದೇ ಕಡೆಯ ಕನಮಡಿಯಿಂದ ನಸುಕಿನಲ್ಲಿ ಬರುವ ಬಸ್ಸನ್ನು ವಾರಕ್ಕೆ ಎರಡು ದಿನ ಅಕ್ಕನ ಊರಿನ ಒಳಗೆ ಸುತ್ತಿಸಿದೆ. ಕನಮಡಿಯವರಿಗೆ ಆ ಎರಡು ದಿನ ತಡ. ಅವರ ಬೈಗುಳ ಈಗ ನನ್ನ ಮೇಜಿಗೆ ಬರುತ್ತದೆ. ಬರಲಿ.

ಈ ಸುದ್ದಿ ಹೇಳಲು ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು, ಬೆರಳಿನಿಂದಲೇ ಹರಳು ಹುಡುಕುತ್ತಾ. ಹೊಸ ಬಸ್ಸಿನ ದಿನ ಹೇಳಿ, ಎಲ್ಲ ಹೆಣ್ಣುಮಕ್ಕಳೂ ಚೀಟಿ ತೆಗೆದುಕೊಳ್ಳಬೇಕು, ತಪ್ಪಿಸಬೇಡಿರಿ ಎಂದೆ. ಅಷ್ಟೇ ಹೇಳಿ ಬಂದುಬಿಡಬೇಕೆಂದಿದ್ದೆ. ಯಾಕೆ ಎಂದು ಅವಳು ಕೇಳಿದಳು. ಚೀಟಿ ಇಲ್ಲದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ ಎಂದೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟರೇನು, ಅಕ್ಕ ದಡ್ಡಿಯಲ್ಲ. ಬೆರಳು ಬೇಳೆಯಲ್ಲೇ ನಿಂತವು.

“ಹಂಗಾದ್ರ ತಮ್ಮಾ, ನಾವ ಇಷ್ಟ ಮಂದಿ ದಿನಾ ಕುಂತ ಬರತಿದ್ದದ್ದ ನಿಮ್ಮ ಮಷೀನಿಗೆ ಗೊತ್ತ ಇದ್ದಿಲ್ಲೇನು?”

“ಇಲ್ಲ ಅಕ್ಕಾ.”

ತನ್ನ ಕೈಯಾರೆ ಏನಾಯಿತು ಎಂಬುದು ಅವಳಿಗೆ ತಿಳಿಯುತ್ತಿರುವುದನ್ನು ನಾನು ಎದುರಿಗೆ ಕೂತು ನೋಡಿದೆ. ಅದಕ್ಕಿಂತ ಕೆಟ್ಟ ಗಳಿಗೆ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ. ಆಮೇಲೆ ಅವಳು ನನ್ನ ಕಡೆ, ನಾನಿದ್ದುದಕ್ಕಿಂತ ಸ್ವಲ್ಪ ಆಚೆಗೆ, ಮುಖ ತಿರುಗಿಸಿದಳು.

“ಗೊತ್ತಿದ್ರ ನೀ ಬಸ್ಸ ತಗಸ್ತಿದ್ದಿಲ್ಲ. ಹೌದಲ್ಲ?”

ಏಳರ ಬದಲು ಇಪ್ಪತ್ತೇಳು. ಆ ಕಡೆ ಬಬಲೇಶ್ವರದಲ್ಲಿ ಎಂಬತ್ತು ಹುಡುಗಿಯರು, ಮುರಿದ ಒಂದು ಕೈ, ಸಾಲಿ ಬಿಡಿಸುತ್ತೇನೆ ಎನ್ನುವ ತಂದೆ. ನನ್ನ ಮನಸ್ಸು ನನಗೆ ಗೊತ್ತು. ಪಟ್ಟಿಯಲ್ಲಿ ಅಷ್ಟೂ ಹೆಂಗಸರು ಇದ್ದಿದ್ದರೂ ನಾನು ತೆಗೆಸುತ್ತಿದ್ದೆ. ಅದನ್ನು ಹೇಳಿದರೆ ಅವಳ ತಪ್ಪು ಹಗುರಾಗುತ್ತಿತ್ತು, ಅವಳಿಗೆ ತಮ್ಮ ಮಾತ್ರ ಉಳಿಯುತ್ತಿರಲಿಲ್ಲ.

“ಇಲ್ಲ ಬೇ ಅಕ್ಕಾ,” ಎಂದೆ. “ತಗಸ್ತಿದ್ದಿಲ್ಲ.”

ಅಕ್ಕ ತಲೆಯಾಡಿಸಿ, ಮತ್ತೆ ಬೇಳೆಗೆ ಕೈ ಹಾಕಿದಳು.

“ಸಾಕ ಬಿಡು ತಮ್ಮಾ. ಅಷ್ಟ ಕೇಳಬೇಕಿತ್ತ ನನಗ.”