ಮೂರು ಗಂಟೆಯ ಕಳ್ಳ

ಹೋದ ವಾರವೆಲ್ಲ ನಾನು ಮನೆಯಲ್ಲಿ ಕೂತು ಒಬ್ಬ ಕಳ್ಳನನ್ನು ಕಾಯುತ್ತಿದ್ದೆ. ಮಧ್ಯಾಹ್ನ ಸರಿಯಾಗಿ ಮೂರಕ್ಕೆ ಬರುತ್ತಿದ್ದ. ಬಾಗಿಲು ಬಡಿಯುತ್ತಿದ್ದ. ತೆರೆಯದಿದ್ದರೆ ಮತ್ತೆ ಬಡಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ಬೇಸತ್ತು ಸುಮ್ಮನಾಗುತ್ತಿದ್ದ.

ಗಾಬರಿಯಾಗಬೇಡಿ. ಬಾಗಿಲು ಕಂಪ್ಯೂಟರಿನದು.

ರಾಣೆಬೆನ್ನೂರಿನ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಆರು ತಿಂಗಳಾಯಿತು. ಮೊನ್ನೆ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಕಂಪ್ಯೂಟರ್ ಪತ್ರಿಕೆಯ ಜೊತೆ ಒಂದು ಸಿ.ಡಿ. ಪುಕ್ಕಟೆ ಬಂತು. ಅದರಲ್ಲಿ ಫೈರ್‌ವಾಲ್ ಇತ್ತು. ಹೊರಗಿನವರು ನೆಟ್ ಮೂಲಕ ಕಂಪ್ಯೂಟರಿನೊಳಗೆ ನುಗ್ಗದಂತೆ ಕಾಯುವ ಕಾವಲುಗಾರ. ಹಾಕಿದ್ದೇ ತಡ, ಪ್ರಶ್ನೆ ಕೇಳಲು ಶುರು ಮಾಡಿತು. ಇವನನ್ನು ಬಿಡಲೇ? ಬೇಡ. ಇವನನ್ನು? ಬೇಡ. ನನಗೇನು ಗೊತ್ತು? (ಏನೂ ಗೊತ್ತಿಲ್ಲದವನಿಗೆ ‘ಬೇಡ’ ಅನ್ನುವುದರಲ್ಲಿ ಎಂಥ ಗತ್ತಿದೆ, ನೀವೂ ಒಮ್ಮೆ ಅಂದು ನೋಡಿ.)

ತಡೆದವರ ಪಟ್ಟಿಯನ್ನೂ ಅದು ತೋರಿಸುತ್ತಿತ್ತು. ಹೆಸರಿಲ್ಲ, ಬರೀ ಅಂಕಿ. ಊಟವಾದ ಮೇಲೆ ಫ್ಯಾನಿನ ಕೆಳಗೆ ಕೂತು ಅದನ್ನೇ ನೋಡುತ್ತಿದ್ದೆ. ಮೂರಾದರೆ ಸಾಕು, ಒಂದೇ ಅಂಕಿ ಸಾಲುಸಾಲಾಗಿ ಇಳಿಯುತ್ತಿತ್ತು. ಯಾರಿವನು? ಹಿಮ ಬೀಳುವ ಯಾವುದೋ ಊರಿನಲ್ಲಿ ಕಂಬಳಿ ಹೊದ್ದು ಕೂತಿರಬಹುದೇ? ಪಕ್ಕದಲ್ಲಿ ಆರಿದ ಚಹಾ ಇರಬಹುದೇ? ಅಷ್ಟು ದೊಡ್ಡ ಲೋಕದಲ್ಲಿ ರಾಣೆಬೆನ್ನೂರಿನ ನನ್ನನ್ನೇ ಹುಡುಕಿಕೊಂಡು ಬಂದನಲ್ಲ! ಕಣ್ಣು ಎಳೆಯುತ್ತಿತ್ತು, ಅವನ ಊರಿನ ಬೀದಿಗಳೆಲ್ಲ ಕಾಣುತ್ತಿದ್ದವು. ಮೂರನೆಯ ದಿನಕ್ಕೆ ಅವನ ಮೇಲೆ ನನಗೆ ಒಂಥರಾ ಅಕ್ಕರೆ ಹುಟ್ಟಿತ್ತು.

ಭಾನುವಾರ ಬೆಳಿಗ್ಗೆ ಬ್ಯಾಡಗಿಗೆ, ಅಕ್ಕನ ಮನೆಗೆ ಹೋದೆ. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಒಳಗೆ ಕಾಲಿಟ್ಟೆ. ಅಕ್ಕ ನೀರು ಕೊಟ್ಟಳು. ಮುಖ ಕೊಟ್ಟು ಮಾತಾಡಲಿಲ್ಲ.

“ಅಣ್ಣನ ನೆಟ್ ಯಾಕ ಬಂದ್ ಮಾಡೀದಿ?” ಅಂದಳು ಕೊನೆಗೆ.

ಹೇಳಿಬಿಡುತ್ತೇನೆ. ಹೋದ ವರ್ಷ ನಮ್ಮಲ್ಲಿ ವಾಟ್ನಿ ಆಯಿತು, ಅಂದರೆ ಮನೆ ಪಾಲಾಯಿತು. ಜಗಳವಿಲ್ಲದೆ ಆಯಿತು. ಅಣ್ಣ ಮೇಲೆ, ನಾನು ಕೆಳಗೆ. ಅಡುಗೆಮನೆ ಬೇರೆ, ಕರೆಂಟ್ ಮೀಟರ್ ಬೇರೆ. ಆಮೇಲೆ ಬಂದ ನೆಟ್ ಒಂದೇ ಇಬ್ಬರಿಗೂ ಕೂಡಿ ಇದ್ದದ್ದು. ನನ್ನ ಕಂಪ್ಯೂಟರಿನಿಂದ ಕಿಟಕಿ ದಾಟಿ ಅಣ್ಣನ ಕಂಪ್ಯೂಟರಿಗೆ ಒಂದು ವೈರು ಹೋಗುತ್ತದೆ. ಅಣ್ಣ ದಿನಾ ಮಧ್ಯಾಹ್ನ ಯಾವುದೋ ದೇಶದ, ಮುಖ ಕಾಣದ ಗೆಳೆಯನೊಬ್ಬನ ಜೊತೆ ನೆಟ್‌ನಲ್ಲಿ ಚೆಸ್ ಆಡುತ್ತಾನೆ.

ದಿನಾ. ಮೂರು ಗಂಟೆಗೆ.

ಮೇಲೆ ಅಣ್ಣನಿಗೆ ಹೋಗುವ ಆ ವೈರಿನ ಬಗ್ಗೆಯೂ ಫೈರ್‌ವಾಲ್ ಕೇಳಿತ್ತು. ನಾನು ಓದದೇ ‘ಬೇಡ’ ಅಂದಿದ್ದೆ. ಅಣ್ಣ ವಾರವಿಡೀ ನನಗೆ ಒಂದು ಮಾತೂ ಅನ್ನಲಿಲ್ಲ. ಶನಿವಾರ ಅಕ್ಕನಿಗೆ ಫೋನ್ ಮಾಡಿ, ತಮ್ಮನಿಗೆ ನಮ್ಮ ಮೇಲೆ ಬೇಸರವಾದಂತಿದೆ, ಯಾಕೆಂದು ನೀನಾದರೂ ಕೇಳು ಅಂದನಂತೆ.

ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಮನೆ ಮುಟ್ಟಿದವನೇ ಕಂಪ್ಯೂಟರ್ ಹಚ್ಚಿ ಆ ಅಂಕಿಯನ್ನು ನಂಬಿಕಸ್ಥರ ಪಟ್ಟಿಗೆ ಸೇರಿಸಿ ಮೇಲೆ ಹೋದೆ. ಅಣ್ಣ ಕಿಟಕಿಯ ಹತ್ತಿರ ಕಟ್ಟಿಗೆಯ ಚೆಸ್ ಬೋರ್ಡ್ ಹರವಿಕೊಂಡು, ಎರಡೂ ಕಡೆಯ ಕಾಯಿಗಳನ್ನು ತಾನೇ ನಡೆಸುತ್ತಿದ್ದ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನಕ್ಕ. ಕೆಳಗೆ ಬಂದು ನನ್ನನ್ನೇ ಕೇಳಬಾರದಿತ್ತೇ ಅಂದೆ.

ಅವನು ಬೋರ್ಡಿನಿಂದ ಕಣ್ಣೆತ್ತಲಿಲ್ಲ. “ಮೊದಲಾಗಿದ್ರ ಕೇಳ್ತಿದ್ದೆ. ಈಗ ನಿನ್ನ ಮನಿ ಬ್ಯಾರೆ ಆತಲ್ಲ. ಸಂಕೋಚ ಆತು.”

ಮರುದಿನ ಮೂರಕ್ಕೆ ಮೇಲೆ ಕುರ್ಚಿ ಎಳೆದ ಸದ್ದು ಕೇಳಿತು. ಆ ದೂರದ ಗೆಳೆಯ ವಾರವೆಲ್ಲ ಕಾದಿದ್ದನಂತೆ. ನನಗೆ ಮಾತ್ರ ಮಧ್ಯಾಹ್ನದ ನಿದ್ದೆ ಹತ್ತುತ್ತಿಲ್ಲ. ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು ಹಲಗೇರಿವರೆಗೆ ತುಳಿಯುತ್ತಿದ್ದ ಅಣ್ಣ ಅವನು.

ಅವನಿಗೆ ಸಂಕೋಚ ಹುಟ್ಟಿಸುವಷ್ಟು ದೊಡ್ಡವನು ನಾನು ಯಾವಾಗ ಆದೆ?