ತಂಗಿಯ ಕೈಯಲ್ಲಿದ್ದ ಕೀಲಿಗೊಂಚಲು

ನಗರಪಾಲಿಕೆ ಚುನಾವಣೆಯಲ್ಲಿ ನನ್ನ ತಂಗಿ ಗೆದ್ದಳೆಂಬ ಸುದ್ದಿ ಬಂದಾಗ ನಾನು ಸೌದಿಯ ದಹ್ರಾನಿನಲ್ಲಿ, ಮಗಳ ಮನೆಯ ಕಿಚನ್‌ನಲ್ಲಿ ಕುಬೂಸ್ ರೊಟ್ಟಿ ಬಿಸಿ ಮಾಡುತ್ತಿದ್ದೆ.

"ಮಮ್ಮೀ, ಚಿಕ್ಕಮ್ಮ ವಿನ್! ಬರೀ ನಾಲ್ಕು ವೋಟಲ್ಲಿ!" ಮಗಳು ಫೋನ್ ಹಿಡಿದು ಓಡಿ ಬಂದಳು.

ಸಂತೋಷವಾಯಿತು. ಕಾನ್ವೆಂಟಿನಲ್ಲಿ ಕ್ಲಾಸ್ ಲೀಡರ್ ಆರಿಸುವಾಗ "ಸೀಕ್ರೆಟ್ ಬ್ಯಾಲೆಟ್, ಗರ್ಲ್ಸ್!" ಎಂದು ಸಿಸ್ಟರ್ ಎಚ್ಚರಿಸುತ್ತಿದ್ದರೆ, ತಂಗಿ ಎಲ್ಲರ ಚೀಟಿಗೂ ಕತ್ತು ಚಾಚುತ್ತಿದ್ದಳು. ಅದು ಯಾಕೋ ಆಗಲೇ ನೆನಪಾಯಿತು.

ನಮ್ಮ ಗಲ್ಲಿಯ ಅರ್ಧ ಮನೆಗಳಿಗೆ ಬೀಗ. ಒಡೆಯರೆಲ್ಲ ಗಲ್ಫಿನಲ್ಲಿ. ಅಷ್ಟೂ ಕೀಲಿಗಳು ತಂಗಿಯ ಬಳಿ. ವಾರಕ್ಕೊಮ್ಮೆ ಕಿಟಕಿ ತೆರೆದು, ಕ್ರೋಟನ್‌ಗಳಿಗೆ ನೀರು ಹಾಕಿ ಬರುತ್ತಾಳೆ. ಅದನ್ನು ನೋಡಿಯೇ ಪಾರ್ಟಿಯವರು ಅವಳಿಗೆ ಟಿಕೆಟ್ ಕೊಟ್ಟರೆಂದು ನಾನು ಹೆಮ್ಮೆಪಟ್ಟಿದ್ದೆ. ಚುನಾವಣೆಗೆ ಸ್ವಲ್ಪ ಮುಂಚೆ ನನಗೂ ಫೋನ್ ಮಾಡಿದ್ದಳು.

"ಅಕ್ಕ, ನಿನ್ನ ವೋಟರ್ ಕಾರ್ಡ್ ಎಲ್ಲಿ ಉಂಟು? ಮನೆ ಟ್ಯಾಕ್ಸ್ ಕಟ್ಲಿಕ್ಕೆ ಬೇಕಂತೆ."

ಸ್ಟೀಲ್ ಕಪಾಟಿನಲ್ಲಿ, ಹಳೆಯ ಡಿಕ್ಷನರಿಯೊಳಗೆ ಎಂದಿದ್ದೆ. ಮನೆ ಟ್ಯಾಕ್ಸ್ ಕಟ್ಟಲು ವೋಟರ್ ಕಾರ್ಡ್ ಎಂತಕ್ಕೆ ಎಂದು ಹೊಳೆದದ್ದು ಫೋನ್ ಇಟ್ಟ ಮೇಲೆ. ಛೆ, ಒಡಹುಟ್ಟಿದವಳ ಮೇಲೆ ಡೌಟ್ ಪಡುವುದೇ ಎಂದು ಸುಮ್ಮನಾಗಿದ್ದೆ.

ಕಂಗ್ರಾಜುಲೇಟ್ ಮಾಡಲು ವಿಡಿಯೋ ಕಾಲ್ ಹಚ್ಚಿದೆವು. ತಂಗಿಯ ಕೊರಳ ತುಂಬ ಹಾರ, ಹಿಂದಿನಿಂದ ಪಟಾಕಿ ಸದ್ದು. ಅವಳ ಮನೆಗೆಲಸದವಳು ಲಾಡಿನ ತಟ್ಟೆಯನ್ನು ನನ್ನ ಕಡೆಗೇ ಚಾಚಿದಳು. ನನ್ನದೇ ವಯಸ್ಸಿನವಳು, ನನ್ನಂತೆಯೇ ನರೆತ ತಲೆ. ಅವಳ ವೋಟು ಇರುವುದು ಹೊಳೆಯಾಚೆಯ ಪಂಚಾಯತಿಯಲ್ಲಿ. ಸಿಟಿಯಲ್ಲಿ ಇಲ್ಲವೇ ಇಲ್ಲ. ಆದರೆ ತಟ್ಟೆ ಹಿಡಿದ ಎಡಗೈಯ ತೋರುಬೆರಳ ಮೇಲೆ, ಉಗುರಿನಿಂದ ಕೆಳಕ್ಕೆ, ಕಪ್ಪು ಗೆರೆ.

"ಬೆರಳಿಗೆ ಎಂತ ಆಯ್ತು ಮಾರಾಯ್ತಿ?" ಎಂದೆ.

ಅವಳು ತಂಗಿಯ ಮುಖ ನೋಡಿದಳು. "ಗೇರುಬೀಜ ಸುಲಿದದ್ದು ಅಮ್ಮ. ಸೊನೆ ತಾಗಿದ್ದು."

"ನವೆಂಬರಿನಲ್ಲಿ ಯಾವ ಗೇರುಬೀಜ?"

ತಟ್ಟೆ ಸ್ಕ್ರೀನಿನಿಂದ ಮಾಯವಾಯಿತು.

"ಅಕ್ಕ, ನೀನೊಂದು! ಲಾಡು ನೋಡು ಅಂದ್ರೆ ಬೆರಳು ನೋಡ್ತಿ," ತಂಗಿ ನಕ್ಕಳು.

"ನನ್ನ ಕಾರ್ಡ್ ಎಲ್ಲಿ ಉಂಟು?"

"ಎಲ್ಲಿಗೂ ಹೋಗ್ಲಿಲ್ಲ. ಇಲ್ಲೇ ಉಂಟು." ಅವಳು ತನ್ನ ಹ್ಯಾಂಡ್‌ಬ್ಯಾಗಿಗೆ ಕೈಹಾಕಿದಳು. ಹೊರಬಂದದ್ದು ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಒಂದು ಕಟ್ಟು. ಎಲ್ಲಕ್ಕಿಂತ ಮೇಲೆ ಇದ್ದದ್ದು ನನ್ನ ಫೋಟೋ. ಕೆಳಗಿನವು ಯಾರವೆಂದು ಕಾಣಲಿಲ್ಲ. ಬೀಗ ಹಾಕಿದ ಮನೆಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ದಾಟಿದೆ. ತನಗೇ ಗಾಬರಿಯಾದಂತೆ ಅವಳು ಕಟ್ಟನ್ನು ಮತ್ತೆ ಬ್ಯಾಗಿಗೆ ತುರುಕಿದಳು. ಮಗಳು ಮೆಲ್ಲಗೆ ನನ್ನ ಪಕ್ಕದಿಂದ ಎದ್ದು ಹೋದಳು.

ಅಲ್ಲಿ ಪಟಾಕಿಯ ಸದ್ದು, ಇಲ್ಲಿ ಏಸಿಯ ಸದ್ದು.

"ನೀನು ಊರಲ್ಲಿದ್ರೆ ನನಗೇ ಹಾಕ್ತಿದ್ದದ್ದಲ್ವಾ ಅಕ್ಕ?" ದನಿ ಚಿಕ್ಕದಾಗಿತ್ತು.

"ಹೌದು. ಕೇಳಿದ್ರೆ ಫ್ಲೈಟ್ ಟಿಕೆಟ್ ತೆಗೆದು ಬರ್ತಿದ್ದೆ."

ಅದು ನಿಜ. ಹೊಸ ಸೀರೆ ಉಟ್ಟು, ಕ್ಯೂನಲ್ಲಿ ನಿಂತು, ಹೆಮ್ಮೆಯಿಂದ ಬಟನ್ ಒತ್ತುತ್ತಿದ್ದೆ. ಶಾಯಿ ಕಾಣದ ನನ್ನ ಬೋಳು ತೋರುಬೆರಳನ್ನು ನೋಡಿಕೊಂಡೆ. ಕುಬೂಸಿನ ಹಿಟ್ಟು ಅಂಟಿತ್ತು.

"ನನ್ನ ಮನೆ ಕೀಲಿ ಎದುರುಮನೆಯವರಿಗೆ ಕೊಡು. ಕಾರ್ಡ್ ಕೂಡ. ಇವತ್ತೇ."

"ಅವರಿಗಾ? ಅಕ್ಕ, ಅವರು ನನಗೆ ವೋಟೇ ಹಾಕಿದವರಲ್ಲ!"

"ಅದಕ್ಕೇ," ಎಂದೆ.