ಮೂರನೆಯ ಹಾಡಿನ ಟಣ್ ಟಣ್

ಮೊನ್ನೆ ಆದಿತ್ಯವಾರ ಸಂಜೆ ಮಗಳ ಜೊತೆ ಕಾಪುವಿನ ಕಡಲಿಗೆ ಹೊರಟಿದ್ದೆ. ಕಾರು ಓಡಿಸುತ್ತಿದ್ದವಳು ಅವಳು, ಪಕ್ಕದಲ್ಲಿ ಕೂತು ಬ್ರೇಕು ಒತ್ತುತ್ತಿದ್ದವನು ನಾನು. ಆ ಬದಿಯಲ್ಲಿ ಬ್ರೇಕೇ ಇಲ್ಲ ಎನ್ನುವುದು ಬೇರೆ ಮಾತು. ಉದ್ಯಾವರದ ಸೇತುವೆ ದಾಟುತ್ತಿದ್ದಂತೆ ಅವಳು, "ಪಪ್ಪ, ನಿಮಗೊಂದು ಸರ್‌ಪ್ರೈಸ್ ಉಂಟು" ಎಂದು ಗುಂಡಿಯೊಂದನ್ನು ಒತ್ತಿದಳು. ನಾನು ಕಾಲೇಜಿನಲ್ಲಿದ್ದಾಗ ಊಟ ತಿಂಡಿ ಬಿಟ್ಟು ಕೇಳುತ್ತಿದ್ದ ಇಂಗ್ಲಿಷ್ ಆಲ್ಬಮ್ ಶುರುವಾಯಿತು.

ಅದರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ತಿಳಿದವರು ತಪ್ಪು ಹಿಡಿಯುತ್ತಾರೆ. ಹಿಡಿಯುವಷ್ಟು ತಪ್ಪು ಈಗಾಗಲೇ ಇದೆ, ನೀವೇ ನೋಡುವಿರಂತೆ. ಇಷ್ಟು ತಿಳಿದರೆ ಸಾಕು: ಆ ಕಾಲದಲ್ಲಿ ಇಂಗ್ಲೆಂಡಿನ ಹುಡುಗ ಹುಡುಗಿಯರು ಊರಾಚೆಯ ಗದ್ದೆಗಳಲ್ಲೂ ಹಾಳುಬಿದ್ದ ಗೋದಾಮುಗಳಲ್ಲೂ ಸಾವಿರಗಟ್ಟಲೆ ಸೇರಿ ದಣಿಯುವವರೆಗೆ ಕುಣಿಯುತ್ತಿದ್ದರಂತೆ. ಅದಕ್ಕೆ ರೇವ್ ಎಂದು ಹೆಸರು. ಗಿಟಾರು ಹಿಡಿದ ಕೆಲವು ಹುಡುಗರು ಆ ಕುಣಿತದ ತಾಳವನ್ನು ಎತ್ತಿ ತಮ್ಮ ಹಾಡಿನ ಅಡಿಗೆ ಇಟ್ಟುಕೊಂಡರು. ಮೇಲೆ ಹಾಡುವವನದು ಅರೆನಿದ್ದೆಯ ಧ್ವನಿ, ಕೆಳಗೆ ಯಂತ್ರದ ತಾಳ ನಿಲ್ಲದೆ ಧಡ್ ಧಡ್. ಅಂಥ ಆಲ್ಬಮ್ಮುಗಳಲ್ಲಿ ಇದೊಂದು. ಈಗ ಇದನ್ನು ಕ್ಲಾಸಿಕ್ ಎನ್ನುತ್ತಾರಂತೆ. ನನಗೆ ಬನ್ನಂಜೆಯಲ್ಲಿ ಒಂದು ಕನ್ನಡಕದ ಅಂಗಡಿ ಇದೆ. ಹತ್ತು ವರ್ಷ ಮಾರಾಟವಾಗದೆ ಉಳಿದ ಫ್ರೇಮನ್ನು ಗಿರಾಕಿಗೆ ತೋರಿಸುವಾಗ ನಾನು ಹೇಳುವುದೂ ಅದೇ ಮಾತು.

ಕಟಪಾಡಿ ದಾಟಿದೆವು. ಮೂರನೆಯ ಹಾಡು ಶುರುವಾಯಿತು. ನಾನು ನೆಟ್ಟಗೆ ಕುಳಿತು, "ಈಗ ಕೇಳು. ಯಂತ್ರದ ತಾಳದ ಜೊತೆ ಒಂದು ಲೋಹದ ಸದ್ದು ಬರ್ತದೆ, ಟಣ್ ಟಣ್ ಅಂತ. ಇಡೀ ಆಲ್ಬಮ್ಮಿನ ಜೀವ ಅದು" ಎಂದೆ. ಮಗಳು ವಾಲ್ಯೂಮ್ ಏರಿಸಿದಳು. ತಾಳ ಬಂತು, ಗಿಟಾರು ಬಂತು, ಅರೆನಿದ್ದೆಯ ಗಾಯಕ ಬಂದ. ಟಣ್ ಟಣ್ ಬರಲಿಲ್ಲ.

"ಎಲ್ಲಿ ಪಪ್ಪ?"

"ಬರ್ತದೆ, ತಡಿ."

ಹಾಡೇ ಮುಗಿಯಿತು. ಇದು ಸರಿಯಾದ ಪ್ರತಿ ಅಲ್ಲ ಎಂದೆ. ಅವಳು ಇನ್ನೊಂದು ಪ್ರತಿ ಹುಡುಕಿದಳು, ಆಮೇಲೆ ಮತ್ತೊಂದು. ಈಗಿನವರು ಹಳೆಯ ಹಾಡುಗಳನ್ನು ತೊಳೆದು ಒರೆಸಿ ಇಡುತ್ತಾರೆ, ತೊಳೆಯುವಾಗ ಟಣ್ ಟಣ್ ಹೋಗಿರಬೇಕು ಎಂದು ವಿವರಿಸಿದೆ. ಕಾಪುವಿನ ದೀಪಸ್ತಂಭ ಕಾಣಿಸಿದರೂ ಕಾರಿನಿಂದ ಇಳಿಯದೆ ವಾದಿಸುತ್ತಿದ್ದೆ. ಸೂರ್ಯ ನಮ್ಮನ್ನು ಕಾಯದೆ ಮುಳುಗಿದ.

ನನ್ನ ಸಿಟ್ಟು ನಿಮಗೆ ಅರ್ಥವಾಗಬೇಕಾದರೆ ಆ ಕ್ಯಾಸೆಟ್ಟು ನನಗೆ ಸಿಕ್ಕಿದ ಬಗೆಯನ್ನು ಹೇಳಬೇಕು. ಉಡುಪಿಯಲ್ಲಿ ಡಿಗ್ರಿ ಓದುವಾಗ ನನಗೆ ಸದಾನಂದ ಎಂಬ ಗೆಳೆಯನಿದ್ದ. ಕಾರ್ಕಳದವನು. ಅವನ ಅಪ್ಪ ಕಲ್ಲಿನ ಕೆಲಸದ ಆಚಾರ್ರು. ದೇವರ ಮೂರ್ತಿಗಳನ್ನೂ ನಾಗನ ಕಲ್ಲುಗಳನ್ನೂ ಕೆತ್ತುವವರು. ಸದಾನಂದ ಸಂಜೆ ಹೊತ್ತು ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದ. ಅಲ್ಲಿಗೆ ನೋಟ್ಸು ಪ್ರತಿ ಮಾಡಿಸಲು ಬರುತ್ತಿದ್ದ, ಲಂಡನ್ನಿನಿಂದ ಬಂದು ಡಾಕ್ಟರಿಕೆ ಓದುತ್ತಿದ್ದ ಹುಡುಗನೊಬ್ಬ ಒಂದು ದಿನದ ಮಟ್ಟಿಗೆ ಆ ಕ್ಯಾಸೆಟ್ಟನ್ನು ಇವನಿಗೆ ಕೊಟ್ಟ.

ಒಂದೇ ದಿನ. ಸದಾನಂದ ಕೊನೆಯ ಬಸ್ಸಿಗೆ ಕಾರ್ಕಳಕ್ಕೆ ಹೋಗಿ, ಮರುದಿನ ಬೆಳಿಗ್ಗೆ ಪಕ್ಕದ ಮನೆಯವರು ದುಬೈಯಿಂದ ತಂದಿದ್ದ ಟೇಪ್ ರೆಕಾರ್ಡರನ್ನು ಬೇಡಿ ತಂದು, ತನ್ನದರ ಎದುರು ಮುಖಕ್ಕೆ ಮುಖ ಕೊಟ್ಟು ಇಟ್ಟ. ಒಂದು ಹಾಡುವುದು, ಇನ್ನೊಂದು ಕೇಳುವುದು. ತಂತಿ ಸಿಕ್ಕಿಸಿ ಪ್ರತಿ ಮಾಡುವ ವಿದ್ಯೆ ನಮಗಿರಲಿಲ್ಲ. ಅವನು ಎಷ್ಟು ಶ್ರದ್ಧೆಯಿಂದ ಆ ಕೆಲಸ ಮಾಡಿದನೆಂದರೆ ಜಗಲಿಯ ಕೋಳಿಗಳನ್ನು ಗುಡ್ಡೆಗೆ ಅಟ್ಟಿದ, ಅಮ್ಮನಿಗೆ ಅರೆಯುವ ಕಲ್ಲನ್ನು ಮುಟ್ಟಬೇಡ ಎಂದ, ತಂಗಿಗೆ ಕೆಮ್ಮಬೇಡ ಎಂದ, ಕಿಟಕಿ ಹಾಕಿದ. ಇದನ್ನೆಲ್ಲ ಅವನು ನನಗೆ ಕ್ಯಾಸೆಟ್ಟು ತೋರಿಸುವಾಗ ಬಹಳ ಹೆಮ್ಮೆಯಿಂದ ಹೇಳಿದ್ದ.

ನಾನು ಅದನ್ನು ಎರಡು ದಿನಕ್ಕೆಂದು ಕೇಳಿ ತಂದೆ. ಮೂರನೆಯ ಹಾಡಿಗೆ ಬರುವಾಗ ಆ ಟಣ್ ಟಣ್ ಕೇಳಿ ಮೈ ಜುಮ್ಮೆಂದಿತು. ಹದಿನೈದು ದಿನ ಬಿಟ್ಟು ಅವನು ವಾಪಸು ಕೇಳಿದಾಗ, ಮುಖವನ್ನು ಆದಷ್ಟು ಸಣ್ಣದು ಮಾಡಿ, "ರೀಲು ಸಿಕ್ಕಿಹಾಕಿಕೊಂಡು ತುಂಡಾಯ್ತು ಮಾರಾಯ" ಎಂದೆ. ಕ್ಯಾಸೆಟ್ಟು ಆಗ ನನ್ನ ಚೀಲದಲ್ಲೇ ಇತ್ತು. ಸದಾನಂದ, "ಹೋಗ್ಲಿ ಬಿಡು" ಎಂದ. ನಾನು ಮಾಡಿದ ಕಳ್ಳತನಗಳಲ್ಲಿ ಇದೊಂದೇ ದೊಡ್ಡದು ಎಂದು ಹೇಳಿಕೊಳ್ಳಬಹುದು, ಆದರೆ ಅದರಿಂದ ಅದು ಸಣ್ಣದಾಗುವುದಿಲ್ಲ.

ಆಮೇಲೆ ನಾನು ಪಂಡಿತನಾದೆ. ಮೂಲ ಕ್ಯಾಸೆಟ್ಟಿನ ಮುಚ್ಚಳದ ಚಿತ್ರದಲ್ಲಿದ್ದ ಹುಡುಗರು ಅಗಲದ ಪ್ಯಾಂಟು ಹಾಕುತ್ತಾರೆ ಎಂದು ಸದಾನಂದನಿಂದ ಕೇಳಿ ತಿಳಿದು, ಪೇಟೆಯ ಟೈಲರಲ್ಲಿ ಅಂಥದೇ ಹೊಲಿಯಲು ಹೇಳಿದೆ. ಅವರು ಅಳತೆ ಬರೆದುಕೊಂಡು, "ಇದರಲ್ಲಿ ಇನ್ನೂ ಒಬ್ಬರಿಗೆ ಜಾಗ ಉಂಟು. ಬರುವವರು ಯಾರು?" ಎಂದು ಕೇಳಿದರು. ಆ ಪ್ಯಾಂಟಿನಲ್ಲಿ ಕಾಲೇಜು ವಾರ್ಷಿಕೋತ್ಸವದ ವೇದಿಕೆ ಏರಿ ನಾನು ಕುಣಿದದ್ದನ್ನು ನೋಡಿದವರು ಉಡುಪಿಯಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಕೆಲವರು ಕನ್ನಡಕಕ್ಕೆ ಬೇರೆ ಅಂಗಡಿಗೆ ಹೋಗುತ್ತಾರೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದೆ. ಆ ಬ್ಯಾಂಡಿನವರು ಮಿಲ್ಲುಗಳು ಮುಚ್ಚಿದ ಊರಿನ ಮಕ್ಕಳು, ಮೂರನೆಯ ಹಾಡಿನ ಟಣ್ ಟಣ್ ಕಾರ್ಖಾನೆಯ ಕಬ್ಬಿಣದ ಅಳು, ಇಂಗ್ಲೆಂಡಿನ ದುಡಿಯುವ ವರ್ಗದ ನೋವು ಎಂದೆಲ್ಲ ಇತ್ತು ಅದರಲ್ಲಿ. ನಾಲ್ಕನೆಯ ಹಾಡಿನಲ್ಲಿ ಅದೇ ಸದ್ದು ತಾಳಕ್ಕೆ ಸಂಬಂಧವಿಲ್ಲದೆ ಎಲ್ಲೆಲ್ಲೋ ಬೀಳುತ್ತಿತ್ತು. ಅದಕ್ಕೆ ನಾನು 'ದಿಟ್ಟ ಪ್ರಯೋಗ' ಎಂದು ಬರೆದಿದ್ದೆ. ಮದುವೆ ಮನೆಗಳಲ್ಲಿ ಡಿಜೆಯವರನ್ನು ಹಿಡಿದು ನಿಲ್ಲಿಸಿ ಇದೇ ಪಾಠ ಹೇಳಿದ್ದೇನೆ. ನನ್ನ ಹೆಂಡತಿ ಈ ಪಾಠ ಶುರುವಾದರೆ ಐಸ್‌ಕ್ರೀಮಿನ ಕಡೆ ಹೋಗುತ್ತಾಳೆ.

ಕಾಪುವಿನಿಂದ ಬಂದವನೇ ಕಪಾಟು ಜಾಲಾಡಿ, ನುಸಿಗುಳಿಗೆಯ ವಾಸನೆಯ ಡಬ್ಬಿಯಿಂದ ಕ್ಯಾಸೆಟ್ಟನ್ನು ತೆಗೆದೆ. ಮೇಲೆ ಸದಾನಂದನ ಉರುಟು ಅಕ್ಷರ. ಕನ್ನಡಕ ಒರೆಸುವ ಬಟ್ಟೆಯಿಂದ ಬೂಷ್ಟು ಒರೆಸಿ, ಪೆನ್ಸಿಲು ತೂರಿಸಿ ಸುತ್ತಿ, ಅತ್ತೆಯವರು ಭಜನೆ ಕೇಳುತ್ತಿದ್ದ ಟು-ಇನ್-ವನ್ನಿಗೆ ಹಾಕಿದೆ. ಮೂರನೆಯ ಹಾಡು ಬಂತು. ಟಣ್ ಟಣ್, ಟಣ್ ಟಣ್.

"ಕೇಳು!" ಎಂದೆ, ಗೆದ್ದವನ ಹಾಗೆ.

ಮಗಳು ಕಿವಿಗೊಟ್ಟು ಕೇಳಿದಳು. ಅವಳ ಕಿವಿ ಇನ್ನೂ ಹೊಸದು. "ಪಪ್ಪ, ಇದು ಯಾರೋ ಕಲ್ಲು ಕೆತ್ತುವ ಹಾಗೆ ಉಂಟಲ್ಲ?" ಎಂದಳು.

ಮೂವತ್ತು ವರ್ಷದ ಪಾಂಡಿತ್ಯ ಹೋಗಲು ಅಷ್ಟು ಹೊತ್ತು ಸಾಕಾಯಿತು. ಕೋಳಿಗಳನ್ನು ಅಟ್ಟಿದ ಸದಾನಂದ, ತಂಗಿಯ ಕೆಮ್ಮು ನಿಲ್ಲಿಸಿದ ಸದಾನಂದ, ಹೊರಗೆ ಚಪ್ಪರದಲ್ಲಿ ನಾಗನ ಕಲ್ಲು ಕೆತ್ತುತ್ತಿದ್ದ ಅಪ್ಪನಿಗೆ ನಿಲ್ಲಿಸಿ ಎಂದು ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಕ್ಕಿಲ್ಲ. ಹುಟ್ಟಿದಂದಿನಿಂದ ಕೇಳಿದ ಉಳಿಯ ಪೆಟ್ಟು ಆ ಮನೆಯಲ್ಲಿ ಸದ್ದೆಂದು ಲೆಕ್ಕಕ್ಕೇ ಇರಲಿಲ್ಲ. ಪ್ರತಿ ಮಾಡಿದ ಮೇಲೆ ಅವನು ಕೇಳಿ ನೋಡಿದರೂ ಟೇಪಿನೊಳಗಿನ ಉಳಿ ಯಾವುದು, ಅಂಗಳದ ಉಳಿ ಯಾವುದು ಎಂದು ತಿಳಿಯುವ ಹಾಗಿರಲಿಲ್ಲ. ನಾನು ಅಳು, ನೋವು, ದುಡಿಯುವ ವರ್ಗ ಎಂದೆಲ್ಲ ಬರೆದದ್ದು ಕಾರ್ಕಳದ ಆಚಾರ್ರ ಬಗ್ಗೆ.

ನಗಬೇಕಿತ್ತು. ಮಗಳು ನಗುತ್ತಲೇ ಇದ್ದಳು. ನನಗೆ ಮಾತ್ರ ಹೋದ ವರ್ಷ ಬೆಳ್ಮಣ್ಣಿನ ಮದುವೆ ಊಟದ ಪಂಕ್ತಿಯಲ್ಲಿ ಸದಾನಂದ ಹೇಳಿದ ಮಾತು ನೆನಪಾಯಿತು. ಆಚಾರ್ರು ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. "ಅಪ್ಪನ ಫೋಟೋ ಎಷ್ಟು ಬೇಕಾದರೂ ಉಂಟು. ಆ ಉಳಿಯ ಸದ್ದು ಎಲ್ಲಿಂದ ತರುವುದು?" ಎಂದಿದ್ದ ಅವನು. "ಈಗ ನನ್ನ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಮೆಷಿನು ಕಿರುಚುವುದು ಮಾತ್ರ. ಜೀವ ಇರುವಾಗ ಅವರಿಗೂ ನನಗೂ ಸರಿ ಬರ್ಲಿಲ್ಲ. ನಾನು ಕೇಳಿದ ಒಂದು ಹಾಡನ್ನೂ ಅವರು ಒಪ್ಪಲಿಲ್ಲ." ನಾನು ಹೌದು ಹೌದು ಎನ್ನುತ್ತಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿದ್ದೆ. ಅವನು ಹುಡುಕುತ್ತಿದ್ದ ಸದ್ದು ನನ್ನ ಕಪಾಟಿನಲ್ಲಿತ್ತು.

ಕ್ಯಾಸೆಟ್ಟನ್ನು ಅಂಚೆಯಲ್ಲಿ ಕಳಿಸಿದರೆ ಹೇಗೆ ಎಂದು ಒಂದು ಕ್ಷಣ ಯೋಚಿಸಿದ್ದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಹೆಸರು ಬರೆಯದೆ. ಮಗಳು ನನ್ನ ಮುಖ ನೋಡಿ, "ನಾಳೆ ಕಾರ್ಕಳಕ್ಕೆ ಹೋಗುವ ಪಪ್ಪ, ನಾನು ಬರ್ತೇನೆ" ಎಂದಳು.

ಸದಾನಂದನ ಶೆಡ್ಡು ಬಜಗೋಳಿಗೆ ಹೋಗುವ ರಸ್ತೆಯ ಬದಿಯಲ್ಲಿದೆ. ದಾರಿಯುದ್ದಕ್ಕೂ ಟು-ಇನ್-ವನ್ನನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹಳೆಯ ರೀಲು ಯಾವ ಗಳಿಗೆಯಲ್ಲಿ ನಿಜವಾಗಿಯೂ ತುಂಡಾಗುವುದೋ, ನನ್ನ ಸುಳ್ಳು ಇಷ್ಟು ವರ್ಷದ ಮೇಲೆ ಸತ್ಯವಾಗುವುದೋ ಎಂಬ ಭಯ. ನಾವು ಹೋದಾಗ ಸದಾನಂದ ಮೆಷಿನು ನಿಲ್ಲಿಸಿ ಹೊರಗೆ ಬಂದ. ಮೀಸೆ, ಹುಬ್ಬು ಎಲ್ಲ ಕಲ್ಲಿನ ಹುಡಿಯಿಂದ ಬೆಳ್ಳಗಾಗಿತ್ತು. ನಮ್ಮಿಬ್ಬರ ಮಾತು ಯಾವಾಗಲೂ ತುಳುವಿನಲ್ಲಿ. ಇಲ್ಲಿ ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಮಾರಾಯ, ರೇಡಿಯೋ ಹಿಡ್ಕೊಂಡು?"

ದಾರಿಯಲ್ಲಿ ನಾಲ್ಕು ಸಲ ಬಾಯಿಪಾಠ ಮಾಡಿದ್ದ ಮಾತುಗಳೆಲ್ಲ ಮರೆತುಹೋದವು. "ಸದಾ, ರೀಲು ತುಂಡಾಗಿರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ" ಎಂದೆ.

ಯಾವ ರೀಲು ಎಂದು ಅವನು ಕೇಳಲಿಲ್ಲ. ನನ್ನನ್ನೇ ನೋಡಿದ. ನಾನು ಉಳಿದದ್ದನ್ನೂ ಹೇಳಿದೆ, ಟಣ್ ಟಣ್ ಎಂದರೇನು ಎಂಬುದನ್ನು. ಅವನು ಕೈ ತೊಳೆಯಲು ಹೋದ. ಬಹಳ ಹೊತ್ತು ತೊಳೆದ. ಬಂದು ಅರ್ಧ ಕೆತ್ತಿದ್ದ ಕಲ್ಲಿನ ಮೇಲೆ ಕೂತು, "ಹಾಕು" ಎಂದ. ಮಗಳು ತನ್ನ ಮೊಬೈಲನ್ನು ಟು-ಇನ್-ವನ್ನಿನ ಎದುರು ಮುಖಕ್ಕೆ ಮುಖ ಕೊಟ್ಟು ಇಟ್ಟು ರೆಕಾರ್ಡಿಗೆ ಒತ್ತಿದಳು.

ಮೊದಲ ಪೆಟ್ಟಿಗೇ ಸದಾನಂದನ ತಲೆ ಎದ್ದಿತು. "ಅಪ್ಪ" ಎಂದ, ಅಷ್ಟೇ. ಆಮೇಲೆ ಕಣ್ಣು ಮುಚ್ಚಿ ಕೇಳುತ್ತಾ, "ಆ ದಿನ ಪ್ರತಿ ಮಾಡಿ ಮುಗಿಸಿ ಹೊರಗೆ ಹೋದಾಗ ಬೈದಿದ್ದರು ಮಾರಾಯ. ಇದೆಂತ ಸಂಗೀತ, ಒಂದೇ ಕಡೆ ಬಡಿಯುವುದು, ನಾನು ಹೀಗೆ ಬಡಿದರೆ ಒಂದು ಮೂರ್ತಿಯಾದರೂ ಆಗ್ತದೆ ಅಂತ" ಎಂದ.

ಆಗಲೇ ಆ ಜಾಗ ಬಂತು. ಇಂಥ ಹಾಡುಗಳಲ್ಲಿ ನಡುವೆ ಒಮ್ಮೆ ತಾಳ ಪೂರ್ತಿ ನಿಂತುಬಿಡುತ್ತದೆ. ಬರಿಯ ಗಿಟಾರು ತೇಲುತ್ತಿರುತ್ತದೆ, ಕುಣಿಯುವವರು ಕೈ ಮೇಲೆತ್ತಿ ಕಾಯುತ್ತಾರೆ, ಆಮೇಲೆ ತಾಳ ಒಮ್ಮೆಲೇ ಬಂದು ಬೀಳುತ್ತದೆ. ತಾಳ ನಿಂತಿತು. ಉಳಿಯೂ ನಿಂತಿತು. ನಾನು ಸಾವಿರ ಸಲ ಕೇಳಿದ್ದ ಜಾಗ ಅದು, ಏನನ್ನೂ ಕೇಳಿರಲಿಲ್ಲ.

ಸದಾನಂದ ಕಣ್ಣು ತೆರೆದು ನನ್ನ ಮೊಣಕೈ ಹಿಡಿದುಕೊಂಡ. "ನೋಡು," ಎಂದ ಪಿಸುಮಾತಿನಲ್ಲಿ, "ಕಾಯ್ತಾ ಇದ್ದಾರೆ."

ತಾಳ ಬಂದು ಬಿತ್ತು, ಅದರ ಜೊತೆಗೇ ಒಂದು ಕೂದಲೆಳೆಯೂ ತಪ್ಪದೆ ಆಚಾರ್ರ ಉಳಿ. ಟಣ್ ಟಣ್, ಟಣ್ ಟಣ್. ಬೈದವರು ಹಾಡಿನ ಜೊತೆಗೇ ಹೋಗುತ್ತಿದ್ದರು. ಸದಾನಂದನ ಕೆನ್ನೆಯ ಕಲ್ಲುಹುಡಿಯಲ್ಲಿ ಎರಡು ಗೆರೆ ಮೂಡಿದವು. ನಾನು ಟು-ಇನ್-ವನ್ನಿನ ಗುಂಡಿಗಳನ್ನು ಬಹಳ ಗಮನವಿಟ್ಟು ನೋಡಿದೆ.

ನಾಲ್ಕನೆಯ ಹಾಡಿನಲ್ಲಿ ಪೆಟ್ಟುಗಳು ಅಡ್ಡಾದಿಡ್ಡಿಯಾದಾಗ ಅವನಿಗೆ ನಗು ಬಂತು. "ಇಲ್ಲಿ ನಾಗನ ಹೆಡೆಗೆ ಬಂದಿದ್ದಾರೆ. ಹೆಡೆ ಕೆತ್ತುವಾಗ ತಾಳ ಗೀಳ ಎಲ್ಲ ಇಲ್ಲ" ಎಂದ. ನನ್ನ ದಿಟ್ಟ ಪ್ರಯೋಗದ ಕತೆ ಅಲ್ಲಿಗೆ ಮುಗಿಯಿತು.

ಹೊರಡುವಾಗ ಕ್ಯಾಸೆಟ್ಟನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಆಗಲೇ ವಾಪಸು ಕೊಟ್ಟಿದ್ದರೆ ನಾನು ಇದರ ಮೇಲೆ ಬೇರೆ ಎಂತದೋ ರೆಕಾರ್ಡ್ ಮಾಡ್ತಿದ್ದೆ. ನೀನು ಕದ್ದದ್ದು ಒಳ್ಳೇದಾಯ್ತು" ಎಂದ. ನನ್ನ ಮುಖ ಅರಳಿದ್ದನ್ನು ನೋಡಿ, "ಹಾಗಂತ ನೀನು ಕಳ್ಳ ಅಲ್ಲ ಅಂತ ಅಲ್ಲ" ಎಂದೂ ಸೇರಿಸಿದ. ಚಾ ಕುಡಿಯದೆ ಬಿಡಲಿಲ್ಲ.

ವಾಪಸು ಬರುವಾಗ ಮಗಳು ಮತ್ತೆ ಆ ಆಲ್ಬಮ್ ಹಾಕಿದಳು, ಮೊಬೈಲಿನಲ್ಲಿರುವ ತೊಳೆದಿಟ್ಟ ಪ್ರತಿ. ಈ ಸಲ ನಾನು ಪಾಠ ಹೇಳಲಿಲ್ಲ, ಬ್ರೇಕನ್ನೂ ಒತ್ತಲಿಲ್ಲ. ಮೂರನೆಯ ಹಾಡು ಬಂದು, ತಾಳ ನಿಂತು, ಮತ್ತೆ ಬಂದು ಬಿತ್ತು. ಅದರ ಜೊತೆ ಬೇರೇನೂ ಬರಲಿಲ್ಲ.

"ಎಂತದೋ ಕಮ್ಮಿ ಅನ್ನಿಸ್ತದೆ, ಅಲ್ವಾ ಪಪ್ಪ?" ಎಂದಳು ಮಗಳು.

"ಹೌದು," ಎಂದೆ. "ಪಾಪ, ಅವರಿಗೆ ಆಚಾರ್ರು ಸಿಗಲಿಲ್ಲ."